ಫಕೀರವ್ವನ ಮಸಿ

“ಯವ್ವಾ ತಾಯಿ, ಯಾವ ಜನ್ಮದ ಗಟಾರ ಹೊತ್ಕೊಂಡು ಬಂದೀ ನೀನು? ಇಂಥಾ ಹೊಲಸು ಈ ಗ್ವಾಡಿ ಮ್ಯಾಲ ಇವತ್ತಿನತನಕ ಮೂಡಿದ್ದಿಲ್ಲ!”

ಬಂಡೋಪಂತ ದೇಸಾಯಿ ಈ ಮಾತನ್ನು ಕಿವಿಯಲ್ಲಿ ಹೇಳಲಿಲ್ಲ, ಮೈಕಿನಲ್ಲಿ ಹೇಳಿದ. ಚಿತ್ಪ್ರಭಾ ಧರ್ಮಾರ್ಥ ಆಸ್ಪತ್ರೆಯ ಅಧ್ಯಕ್ಷನಾದ ಮೇಲೆ ಅವನು ಮೈಕಿಲ್ಲದೆ ಮಾತಾಡುವುದನ್ನೇ ಮರೆತಿದ್ದ. ಆಸ್ಪತ್ರೆಯ ದೊಡ್ಡ ಹಾಲಿನ ತುಂಬ ಸರದಿಯಲ್ಲಿ ಕುಳಿತಿದ್ದ ರೋಗಿಗಳು, ರೋಗಿಗಳನ್ನು ಹೊತ್ತು ತಂದವರು, ಎಲ್ಲರೂ ತಲೆ ಎತ್ತಿ ಗೋಡೆ ನೋಡಿದರು. ಗೋಡೆಯ ಮೇಲೆ ನಾಲ್ಕು ದಳದ ಹೂವಿನಂಥ ಚಿತ್ರ. ಒಂದು ದಳ ಮನಸ್ಸು, ಹಸಿರಾಗಿ ಮಿಣುಗುತ್ತಿತ್ತು. ಇನ್ನೊಂದು ಬುದ್ಧಿ. ಅಹಂಕಾರದ ದಳ ಎಳ್ಳಿನಷ್ಟಿತ್ತು. ನಾಲ್ಕನೆಯದಾದ ಚಿತ್ತದ ದಳ ಮಾತ್ರ ರೊಟ್ಟಿ ಹಂಚಿನ ತಳದ ಹಾಗೆ ಕರ್ರಗೆ ಹಬ್ಬಿ ಉಳಿದ ಮೂರನ್ನೂ ನುಂಗಿ ನಿಂತಿತ್ತು.

ಮುಂದಿನ ಸಾಲಿನಲ್ಲಿದ್ದ ಬಿಳಿ ಅಂಗಿಯ ಬ್ಯಾಂಕಿನವನೊಬ್ಬ ಮೂಗಿಗೆ ಕರವಸ್ತ್ರ ಹಿಡಿದ. ಚಿತ್ರಕ್ಕೆ ವಾಸನೆ ಇರುತ್ತದೆಯೇ? ಆದರೂ ಹಿಡಿದ. ಅವನನ್ನು ನೋಡಿ ಪಕ್ಕದವಳೂ ಸೆರಗು ಮುಚ್ಚಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು.

ಕುರ್ಚಿಯಲ್ಲಿ ಕುಳಿತಿದ್ದ ಫಕೀರವ್ವ ತಲೆಯ ಮೇಲಿನ ಯಂತ್ರದ ಕಿರೀಟವನ್ನು ಮೆಲ್ಲಗೆ ತೆಗೆದಳು. ತನ್ನ ಮಸಿ ಅದಕ್ಕೆ ಹತ್ತೀತೇನೋ ಎಂದು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು.

ಅವಳು ಒರೆಸಿದ್ದೇ ಅವಳ ತಮ್ಮ ಯಮನೂರನ ಮೈಗೆ ಬೆಂಕಿ ಹಚ್ಚಿತು. ಬೈಗುಳವನ್ನಾದರೂ ತಡೆದುಕೊಳ್ಳುತ್ತಿದ್ದನೋ ಏನೋ. ಒಂದೇ ಜಿಗಿತಕ್ಕೆ ವೇದಿಕೆ ಹತ್ತಿ ದೇಸಾಯಿಯ ರೇಷ್ಮೆ ಶಲ್ಯವನ್ನು ಕುತ್ತಿಗೆಗೆ ಸುತ್ತಿ ಹಿಡಿದ. “ನಮ್ಮಕ್ಕಗ ಗಟಾರ ಅಂತೀಯೇನಲೇ? ನಿನ್ನ ಬಾಯಿ ಏನು ಬಚ್ಚಲಾ?”

ಕಾವಲುಗಾರರು ಓಡಿ ಬಂದರು. ಫಕೀರವ್ವ ಎದೆ ಹಿಡಿದುಕೊಂಡು, “ಬಿಡೋ ತಮ್ಮಾ, ಬಿಡೋ, ದೊಡ್ಡವರು ಅವರು” ಎಂದಳು. ಅವಳಿಗೆ ಅಷ್ಟು ಹೇಳುವುದರಲ್ಲೇ ಉಸಿರು ಕಟ್ಟಿತು. ಅದಕ್ಕಾಗಿಯೇ ಅವನು ಕೈ ಬಿಟ್ಟ.

ಯಮನೂರ ಬೆಟಗೇರಿಯವನು. ಏಳನೆಯ ಇಯತ್ತೆಯಲ್ಲಿ ಮಾಸ್ತರರ ಕೆನ್ನೆಗೆ ಹೊಡೆದು ಶಾಲೆ ಬಿಟ್ಟವನು. ಈಗ ಶವವಾಹನ ಓಡಿಸುತ್ತಿದ್ದ. ಹೆಣಕ್ಕೆ ಅವನು ಲೋಡು ಅನ್ನುತ್ತಿದ್ದ. ಅಳುವವರನ್ನು ಕಂಡರೆ, “ಲಗೂ ಲಗೂ ಅಳ್ರಿ, ನನಗ ಇನ್ನೊಂದು ಲೋಡ್ ಐತಿ” ಅನ್ನುತ್ತಿದ್ದ. ಅವ್ವ ಅಪ್ಪ ಇಲ್ಲದ ಅವನನ್ನು ಸಾಕಿದವಳು ಅಕ್ಕ ಫಕೀರವ್ವ. ಇದೇ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು, ರೋಗಿಗಳ ಮೈ ಒರೆಸಿ, ಬಟ್ಟೆ ಬದಲಿಸಿ ಅವನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವಳ ಹೃದಯದ ಕವಾಟ ಸವೆದು ಹೋಗಿತ್ತು. ಕೃತಕ ಕವಾಟ ಹಾಕಿದರೆ ಬದುಕುತ್ತಾಳೆ, ಹಾಕದಿದ್ದರೆ ದಸರೆ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಾತ್ರ ವೈದ್ಯರ ಕೈಯಲ್ಲಿರಲಿಲ್ಲ.

ಸರ್ಕಾರ ತನ್ನ ಆಸ್ಪತ್ರೆಗಳನ್ನೆಲ್ಲ ಟ್ರಸ್ಟುಗಳಿಗೆ ಒಪ್ಪಿಸಿ ಕೈ ತೊಳೆದುಕೊಂಡ ಕಾಲವದು. ಹಾಸಿಗೆ ಕಡಿಮೆ, ರೋಗಿಗಳು ಹೆಚ್ಚು. ಮೊದಲು ಶಾಸಕರ ಚೀಟಿ ತಂದವನಿಗೆ ಹಾಸಿಗೆ ಸಿಗುತ್ತಿತ್ತು. ಅದು ಅನ್ಯಾಯವೆಂದು ಎಲ್ಲರಿಗೂ ಗೊತ್ತಿದ್ದರಿಂದ ಜನ ಬೈಯಲಾದರೂ ಬೈಯುತ್ತಿದ್ದರು. ಆಮೇಲೆ ಅಂತಃಕರಣ ದರ್ಶಕ ಬಂತು. ಮನುಷ್ಯನ ಚಿತ್ತದಲ್ಲಿ ಉಳಿದ ಸಂಸ್ಕಾರಗಳನ್ನು ಅದು ಗೋಡೆಯ ಮೇಲೆ ಮೂಡಿಸುತ್ತಿತ್ತು. ದೇಸಾಯಿ ಅದಕ್ಕೊಂದು ಶಾಸ್ತ್ರ ಹೊಸೆದ: ಚಿತ್ತ ಬಿಳಿ ಇದ್ದರೆ ರೋಗ ಬರಿಯ ದೇಹದ್ದು, ಔಷಧ ಕೊಡಬಹುದು. ಮಸಿ ಇದ್ದರೆ ರೋಗ ಪ್ರಾರಬ್ಧ ಕರ್ಮದ್ದು, ಅನುಭವಿಸಿಯೇ ತೀರಬೇಕು. ಅಂಥವರಿಗೆ ಚಿಕಿತ್ಸೆ ಕೊಟ್ಟರೆ ಅದೇ ರೋಗ ಮುಂದಿನ ಜನ್ಮಕ್ಕೆ ಬೆನ್ನು ಹತ್ತುತ್ತದೆ, ಆದ್ದರಿಂದ ಕೊಡದಿರುವುದೇ ದಯೆ. ಮಸಿಯವರಿಗೆಂದು ಹಿಂದಿನ ಕಟ್ಟಡದಲ್ಲಿ ಅನುಭವ ವಾರ್ಡು ಎಂದು ಮಾಡಿದ್ದರು. ಅಲ್ಲಿ ಔಷಧವಿರಲಿಲ್ಲ, ಧ್ವನಿವರ್ಧಕದಲ್ಲಿ ಭಜನೆಯಿತ್ತು. ಈಗ ಜನ ಬೈಯುವುದನ್ನೂ ಬಿಟ್ಟಿದ್ದರು. ಹೊರಗೆ ತಳ್ಳಿಸಿಕೊಂಡವರು ದೇಸಾಯಿಯ ಕಾಲಿಗೆ ಬಿದ್ದು, “ನಮ್ಮ ಹಣೇಬಾರ ಸರಿ ಇಲ್ರಿ ಧಣಿ” ಎಂದು ತಮ್ಮನ್ನೇ ಬೈದುಕೊಂಡು ಹೋಗುತ್ತಿದ್ದರು. ದೇಸಾಯಿಯ ಚಿತ್ತ ಹಾಲಿನಷ್ಟು ಬೆಳ್ಳಗಿತ್ತು. ಅದನ್ನು ತೋರಿಸುವ ಪರದೆಯೊಂದು ಬಂಗಾರದ ಚೌಕಟ್ಟಿನೊಳಗೆ ಆ ದೊಡ್ಡ ಕೋಣೆಯ ನಟ್ಟನಡುವೆ ಯಾವಾಗಲೂ ಬೆಳಗುತ್ತಿತ್ತು.

ಗದ್ದಲ ತಣ್ಣಗಾದ ಮೇಲೆ ಯಮನೂರನನ್ನು ಒಳಗಿನ ಕೋಣೆಗೆ ಕರೆದೊಯ್ದವಳು ಡಾಕ್ಟರ್ ಇಂದುಮತಿ ಕಮತರ. ಯಂತ್ರ ಕಟ್ಟಿದವಳು ಅವಳೇ. ಕಾವಲುಗಾರರ ಏಟಿಗೆ ಒಡೆದ ಅವನ ತುಟಿಗೆ ಹತ್ತಿ ಕೊಟ್ಟು ಎದುರು ಕುಳಿತಳು.

“ನೋಡಪಾ, ಯಂತ್ರ ಸುಳ್ಳು ಹೇಳೂದಿಲ್ಲ” ಎಂದಳು.

“ಮನಷ್ಯಾರು ಹೇಳ್ತಾರಲ್ರಿ, ಸಾಕಲ್ಲ” ಎಂದ ಯಮನೂರ. “ನಮ್ಮಕ್ಕ ಒಂದು ಇರಿವಿ ತುಳದಾಕಿ ಅಲ್ಲ. ಅಕಿಗೆ ಮಸಿ ಎಲ್ಲಿಂದ ಬಂತು?”

“ಯಂತ್ರಕ್ಕ ಪಾಪ ಪುಣ್ಯ ಗೊತ್ತಿಲ್ಲ. ಅನುಭವ ಆದಾಗ ಮೆದುಳಿನಾಗ ಸಣ್ಣ ಸಣ್ಣ ಗೀರು ಬೀಳ್ತಾವು. ನಾ ಅವಕ್ಕ ಚಿತ್ತರೇಖೆ ಅಂತ ಹೆಸರಿಟ್ಟೀನಿ. ಆ ಗೀರಿನಿಂದ ಹೊಂಡೂ ಕಾಂತದ ಅಲೆ ಹಿಡಿದು ಕಿರೀಟ ಗ್ವಾಡಿಗೆ ಕಳಸ್ತೈತಿ. ಆಳ ಆದ ಗೀರು ಬಾಳ ಇದ್ರ ಕಪ್ಪು. ಆಳ ಗೀರು ಬೀಳದ ಚಿತ್ತ ಬಿಳಿ. ತಾವರಿ ಎಲಿ ಮ್ಯಾಲ ನೀರು ನಿಲ್ಲೂದಿಲ್ಲಲ್ಲ, ಹಂಗ. ನಿರ್ಲಿಪ್ತ ಅಂತಾರ.”

“ಪ್ಲಾಸ್ಟಿಕ್ ಚೀಲದ ಮ್ಯಾಲೂ ನಿಲ್ಲೂದಿಲ್ರಿ.”

ಇಂದುಮತಿಗೆ ನಗು ಬಂತು. ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

“ಮತ್ತ ಆತ್ಮ?” ಎಂದು ಅವನು ಕೆದಕಿದ. “ಅದೂ ಕಾಣ್ತೈತೇನು?”

“ಆತ್ಮ ಯಾವ ಯಂತ್ರಕ್ಕೂ ಕಾಣೂದಿಲ್ಲ. ಅದಕ್ಕ ಏನೂ ಅಂಟೂದಿಲ್ಲ ಅಂತ ಶಾಸ್ತ್ರ.”

“ಆತ್ಮಕ್ಕ ಏನೂ ಅಂಟೂದಿಲ್ಲಂದ್ರ ನಮ್ಮಕ್ಕನ ಆತ್ಮಾನೂ ದೇಸಾಯಿ ಆತ್ಮದಷ್ಟ ಬೆಳ್ಳಗ ಐತಿ. ಮತ್ತ ಯಾವುದಕ್ಕ ಶಿಕ್ಷಾ ಕೊಡಾಕತ್ತೀರಿ, ಗೀರಿಗೆ?”

ಇಂದುಮತಿ ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸಿದಳು. “ನಾ ಮೊದಲ ಈ ರೇಖೆಗೆ ಬೆಳಕಿನ ಬಣ್ಣಾನ ಕೊಟ್ಟಿದ್ದೆ. ಸಂಸ್ಕಾರ ಅಂದ್ರ ಅಂಟು, ಅಂಟು ಅಂದ್ರ ಮಸಿ, ಕಪ್ಪು ಮಾಡ್ರಿ ಅಂದ್ರು ಟ್ರಸ್ಟಿನವರು. ಬಣ್ಣ ಅಷ್ಟ ಅಲ್ಲೇನು ಅಂತ ಮಾಡಿದೆ.”

“ಬಣ್ಣ ಅಷ್ಟ” ಎಂದು ಯಮನೂರ ಅವಳ ಮಾತನ್ನೇ ಅವಳ ಮುಂದೆ ಉಗುಳಿದ ಹಾಗೆ ಅಂದ. “ಬಾಳ ಓದೀರಿ ನೀವು. ಇನ್ನೊಂದು ಕೇಳ್ತೀನಿ. ನಮ್ಮಕ್ಕ ನನಗ ದಿನಾ ಅಂತಃಕರಣ ಇಲ್ಲದವ ಅಂತ ಬೈತಾಳ. ಈ ಮಷೀನು ಅದನ್ನ ಅಳೀತೈತೇನು?”

“ಅದು ಬ್ಯಾರೆ, ಇದು ಬ್ಯಾರೆ. ಅಕ್ಕ ಅನ್ನೂದು ಕನಿಕರಕ್ಕ. ಶಾಸ್ತ್ರದಾಗ ಅಂತಃಕರಣ ಅಂದ್ರ ಒಳಗಿನ ಉಪಕರಣ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ನಾಲ್ಕೂ ಕೂಡಿ. ಹೆಸರು ಒಂದ ಇದ್ದ ಮಾತ್ರಕ್ಕ ಎರಡೂ ಒಂದ ಆಗೂದಿಲ್ಲ.”

“ಹಂಗಾರ ನನಗ ಹಾಕ್ರಿ ಆ ಕಿರೀಟ. ಕುಡದೀನಿ, ಮಂದಿ ತಲಿ ಒಡದೀನಿ, ಹೆಣದ ಬೆರಳಾಗಿನ ಉಂಗುರಾನೂ ಬಿಟ್ಟಿಲ್ಲ. ನನ್ನ ಮಸಿ ಮುಂದ ನಮ್ಮಕ್ಕನ್ನ ನೋಡಿದ್ರ ಆ ದೇಸಾಯಿಗೆ ಅಕಿ ಬೆಳದಿಂಗಳಾಗಿ ಕಾಣಬೇಕು.”

ಹಾಲಿನ ಜನರೆದುರೇ ಕಿರೀಟ ಹಾಕಿಸಿಕೊಂಡ. ಎದೆಯುಬ್ಬಿಸಿ ಗೋಡೆ ನೋಡಿದ. ಅಹಂಕಾರದ ದಳ ಕೆಂಪಗೆ ಕೋಳಿ ಜುಟ್ಟಿನಂತೆ ನಿಮಿರಿತು. ಚಿತ್ತದ ದಳ ಬಿಚ್ಚಿಕೊಂಡಿತು. ಸುಣ್ಣ ಹೊಡೆದ ಹಾಗೆ ಅದು ಬಿಳಿಯಾಗಿತ್ತು.

ಜನ ಹೋ ಎಂದರು. ಮೂಗಿಗೆ ಕರವಸ್ತ್ರ ಹಿಡಿದಿದ್ದ ಬ್ಯಾಂಕಿನವನು ಅದೇ ಕರವಸ್ತ್ರವನ್ನು ಮಡಚಿ ಕಿಸೆಗಿಟ್ಟು ಕೈ ಮುಗಿದ. ಯಮನೂರನಿಗೆ ಅಸಹ್ಯವಾಯಿತು. ತಾನು ಎಂಥವನೆಂದು ಅವನಿಗೆ ಗೊತ್ತಿತ್ತು. ಈ ಹಾಲಿನಲ್ಲಿ ತನ್ನಷ್ಟು ಕೆಟ್ಟವನು ಇನ್ನೊಬ್ಬನಿದ್ದರೆ ಆ ಬಂಗಾರದ ಚೌಕಟ್ಟಿನವನು ಮಾತ್ರ. ಇಬ್ಬರೂ ಬಿಳಿ!

ಶಲ್ಯ ಸರಿಮಾಡಿಕೊಂಡ ದೇಸಾಯಿಗೆ ಈ ಆಟ ತನ್ನ ಲಾಭಕ್ಕೆ ತಿರುಗಿದ್ದು ಕೂಡಲೇ ಹೊಳೆಯಿತು. ಮೈಕು ಎತ್ತಿದ. “ಒಡಹುಟ್ಟಿದಾಕಿಗೆ ಪುಣ್ಯ ಧಾರಿ ಎರದು ಕೊಡಾಕ ಶಾಸ್ತ್ರದಾಗ ಅವಕಾಶ ಐತಿ! ಈ ಪುಣ್ಯವಂತ ಅಕ್ಕಗ ಧಾರಿ ಎರೀಲಿ. ಅಕಿ ಆಪರೇಶನ್ ದಿನ ಇವನ ಚಿತ್ತ ಮತ್ತ ನೋಡೂಣು. ಹಿಂಗ ಬೆಳ್ಳಗಿದ್ರ ಕವಾಟ ಹಾಕಿಸ್ತೀನಿ!”

ಚಪ್ಪಾಳೆ ಬಿತ್ತು. ಯಮನೂರ ಹಲ್ಲು ಕಚ್ಚಿಕೊಂಡು ತಾಮ್ರದ ಉದ್ಧರಣೆಯಿಂದ ಅಕ್ಕನ ಅಂಗೈಗೆ ನೀರು ಬಿಟ್ಟ. ಇಲ್ಲದ ಪುಣ್ಯವನ್ನು ಕೊಡುವುದು, ಅದನ್ನು ಒಬ್ಬ ಮೂರ್ಖ ಮೈಕಿನಲ್ಲಿ ಕೂಗುವುದು, ನೂರು ಜನ ಕಣ್ಣೊರೆಸಿಕೊಳ್ಳುವುದು. ನಗಬೇಕೆನಿಸಿತು. ಆದರೆ ಅಕ್ಕ ಆ ನೀರನ್ನು ಕಣ್ಣಿಗೆ ಒತ್ತಿಕೊಂಡಳು.

ಸರದಿ ಬರುವವರೆಗೆ ಫಕೀರವ್ವನನ್ನು ಅನುಭವ ವಾರ್ಡಿನಲ್ಲೇ ಇಟ್ಟರು. ನೋಡಿಕೊಳ್ಳಲು ಮನೆಯವರೇ ಇರಬೇಕು. ಆ ವಾರ್ಡಿನ ಹಿಂಬಾಗಿಲು ಯಮನೂರನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಹೊರಬಿದ್ದ ಲೋಡುಗಳನ್ನು ಅವನೇ ಸಾಗಿಸುತ್ತಿದ್ದ. ಮುಂಬಾಗಿಲಿನಿಂದ ಒಳಗೆ ಹೋದದ್ದು ಅದೇ ಮೊದಲು. ಒಳಗೆ ಲೋಡುಗಳು ಮಾತಾಡುತ್ತಿದ್ದವು.

“ಯವ್ವಾ ಫಕೀರವ್ವಾ, ನೀನೂ ಬಂದ್ಯಾ?” ಎಂದು ಮಂಚ ಮಂಚದಿಂದ ಧ್ವನಿ ಬಂತು. ಅವರಿಗೆಲ್ಲ ಅವಳು ಗೊತ್ತು. ಅಲ್ಲಿ ಸಾಯುವವರ ಬಾಯಿಗೆ ನೀರು ಹಾಕುತ್ತಿದ್ದವಳು ಅವಳೇ.

ಪಕ್ಕದ ಮಂಚದಲ್ಲಿ ಇಮಾಮಸಾಬ ಎಂಬ ಮುದುಕ ದರ್ಜಿ ಇದ್ದ. ಬೆನ್ನುಮೂಳೆಯಲ್ಲಿ ಗಡ್ಡೆ. ಮೊದಲ ದಿನವೇ ಯಮನೂರನನ್ನು ಕಣ್ಣು ಕಿರಿದು ಮಾಡಿ ನೋಡಿದ. “ನೀ ಹೆಣದ ಗಾಡಿ ಯಮನೂರ ಅಲ್ಲೇನು? ಹೆಸರಿಗೆ ತಕ್ಕ ಕೆಲಸ ಹಿಡದೀ ಬಿಡಪಾ.”

“ಹೌದು. ನಿನಗೂ ಒಂದು ಟ್ರಿಪ್ ಐತಿ” ಎಂದ ಯಮನೂರ ತನ್ನ ಎಂದಿನ ವರಸೆಯಲ್ಲಿ.

“ಗೊತ್ತೈತಿ. ಅದಕ್ಕ ಈಗ ಹೇಳ್ತೀನಿ. ನನ್ನ ಒಯ್ಯೂವಾಗ ಸ್ಪೀಡ್ ಬ್ರೇಕರ್ ಮ್ಯಾಲ ಸಾವಕಾಶ ಹೊಡಿ. ಬೆನ್ನು ಬಾಳ ನೋಯ್ತೈತಿ.”

ಯಮನೂರ ನಕ್ಕ. ಮುದುಕನೂ ನಕ್ಕ. ಆಮೇಲೆ ಮುದುಕ ಮಗ್ಗಲು ಬದಲಿಸಲಾಗದೆ ಒದ್ದಾಡಿದ. ಯಮನೂರ ಎದ್ದು ಅವನ ಬೆನ್ನಡಿಗೆ ಕೈ ಕೊಟ್ಟ. ಎಲುಬು ಎಲುಬು ಕೈಗೆ ಹತ್ತಿತು. ಇಷ್ಟು ವರ್ಷ ಅವನು ಎತ್ತಿದ ಮೈಗಳು ನೋಯುತ್ತಿರಲಿಲ್ಲ. ಈ ಮೈ ನೋಯುತ್ತಿತ್ತು, ಮತ್ತು ಆ ನೋವು ಕೈಗೆ ಗೊತ್ತಾಗುತ್ತಿತ್ತು.

ಅಕ್ಕ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ಮೈ ಒರೆಸುವಾಗ ನೀರು ಎಷ್ಟು ಬೆಚ್ಚಗಿರಬೇಕು, ಗುಟುಕು ಹಾಕುವಾಗ ಕುತ್ತಿಗೆಯನ್ನು ಹೇಗೆ ಹಿಡಿಯಬೇಕು, ಅಳುವವರ ಹತ್ತಿರ ಸುಮ್ಮನೆ ಹೇಗೆ ಕೂಡ್ರಬೇಕು. ಅವನು ಸಿಡುಕುತ್ತಲೇ ಮಾಡಿದ. ಭಜನೆಯ ಧ್ವನಿವರ್ಧಕದ ತಂತಿ ಕಿತ್ತು ಹಾಕಿದ. ಔಷಧದ ಅಂಗಡಿಯವನ ಜೊತೆ ಜಗಳಾಡಿ ನೋವಿನ ಮಾತ್ರೆ ತಂದ. ಒಂದು ಮಧ್ಯಾಹ್ನ ಇಮಾಮಸಾಬ ಅವನ ಕೈ ಹಿಡಿದು, “ಬಿಡಬ್ಯಾಡಪಾ” ಎಂದ. ಯಮನೂರ ಬಿಡಲಿಲ್ಲ. ಕೈ ತಣ್ಣಗಾದ ಮೇಲೂ ಬಹಳ ಹೊತ್ತು ಬಿಡಲಿಲ್ಲ. ಸಂಜೆ ಗಾಡಿ ತಂದ. ಕಬರಸ್ತಾನದ ದಾರಿಯಲ್ಲಿ ಒಂದೊಂದು ಸ್ಪೀಡ್ ಬ್ರೇಕರ್ ಬಂದಾಗಲೂ ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿ, ತೊಟ್ಟಿಲು ಇಳಿಸಿದ ಹಾಗೆ ಇಳಿಸಿದ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಅವ್ವ ಅಪ್ಪ ಎತ್ತಿ ಬೈದರು. ಅವರಿಗೆ ವಾಪಸು ಬೈಯಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

ಆಪರೇಶನ್ನಿನ ದಿನ ಬಂತು. ಫಕೀರವ್ವನನ್ನು ತಳ್ಳುಮಂಚದ ಮೇಲೆ ಹಾಲಿಗೆ ತಂದರು. ಅವಳ ತುಟಿ ನೀಲಿಗಟ್ಟಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ಹಾಲಿನ ಆ ತುದಿಗೇ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಯಮನೂರ ಕಿರೀಟದ ಕೆಳಗೆ ಕುಳಿತ.

ಗೋಡೆಯ ಮೇಲೆ ಚಿತ್ತದ ದಳ ಬಿಚ್ಚಿಕೊಂಡಿತು. ಕರ್ರಗಿತ್ತು. ಅಕ್ಕನದರಷ್ಟು ಹಬ್ಬಿರಲಿಲ್ಲ, ಆದರೆ ಅದೇ ಮಸಿ.

ನೆರೆದವರೆಲ್ಲ ಒಟ್ಟಿಗೆ ಲೊಚಗುಟ್ಟಿದರು.

“ನೋಡ್ರಿ!” ಎಂದ ದೇಸಾಯಿ. “ಕೂಸು ಇದ್ದಂಗ ಬೆಳ್ಳಗಿದ್ದ ಮನಷ್ಯಾ! ಏನ್ ಪಾಪ ಮಾಡಿದಿಯೋ ಇಷ್ಟರೊಳಗ? ಧಾರಿ ಕೆಟ್ಟಿತು. ಕವಾಟ ಇಲ್ಲ. ಮಂಚ ಹಿಂದಕ್ಕ ಒಯ್ಯಿರಿ.”

“ಏ, ತಡೀರಿ!” ಯಮನೂರ ಎದ್ದು ನಿಂತ. ಹೊಡೆಯಲು ಕೈ ಎತ್ತಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನ ಎರಡೂ ಕೈ ಜೋಡಿದವು. “ಡಾಕ್ಟರಮ್ಮಾರ, ನಾ ಏನೂ ಮಾಡಿಲ್ರಿ. ಕುಡದಿಲ್ಲ. ಯಾರಿಗೂ ಹೊಡದಿಲ್ಲ. ಅಲ್ಲೆ ವಾರ್ಡಿನ್ಯಾಗ ಇದ್ದೆ. ಇಮಾಮಸಾಬನ ಕೈ ಹಿಡಕೊಂಡಿದ್ದೆ, ಅಷ್ಟ. ಮೂಲಿ ಮಂಚದ ಮಲ್ಲವ್ವಗ ಗಂಜಿ ಕುಡಿಸಿದೆ. ಅಷ್ಟರೀ. ಅದಕ್ಕೂ ಮಸಿ ಹತ್ತೈತೇನ್ರಿ?”

ಇಂದುಮತಿ ಯಂತ್ರದ ಹಲಗೆಯ ಮುಂದೆ ನಿಂತಿದ್ದಳು. ಹೊಸ ರೇಖೆಗಳನ್ನು ಹಿಗ್ಗಿಸಿ ನೋಡಿದಳು. ಆಮೇಲೆ ಫಕೀರವ್ವನ ಹಳೆಯ ಚಿತ್ರ ತೆರೆದು ಪಕ್ಕಕ್ಕಿಟ್ಟಳು. ಅದೇ ಬಾಗು, ಅದೇ ಆಳ. ಮನುಷ್ಯ ತನ್ನ ನೋವನ್ನು ಅನುಭವಿಸಿದಾಗ ಬೀಳುವ ಗೀರು ಒಂಟಿ, ಗೋಡೆಯ ಮೇಲೆ ಕಾಣದಷ್ಟು ತೆಳು. ಇವೆಲ್ಲ ಜೋಡಿ ಗೀರುಗಳು. ಇನ್ನೊಬ್ಬರ ನೋವನ್ನು ಎದುರು ಕುಳಿತು ನೋಡಿ, ಅದನ್ನು ತನ್ನೊಳಗೂ ಹೊತ್ತವರ ಮೆದುಳಿನಲ್ಲಿ ಮಾತ್ರ ಬೀಳುವಂಥವು. ಬಿಳಿಯ ಚಿತ್ತದಲ್ಲಿ ಇಲ್ಲದಿದ್ದದ್ದು ಇದೊಂದೇ.

“ಎರಡೂ ಒಂದ ಐತಿ” ಎಂದಳು ತನ್ನಷ್ಟಕ್ಕೆ. “ಇವನ ಅಕ್ಕ ಅನ್ನೂ ಅಂತಃಕರಣಾನೂ ನನ್ನ ಯಂತ್ರ ಅಳದದ್ದೂ ಒಂದ. ಅಂತಃಕರಣ ಇದ್ದವರನ್ನೆಲ್ಲಾ ನಾ ಹುಡುಕಿ ಹುಡುಕಿ ಸಾಯಾಕ ಕಳಿಸೀನಿ.”

ಇಷ್ಟು ವರ್ಷ ತಡವಾಗಿ ಬಂದ ಜ್ಞಾನ. ಯಮನೂರ ಅವಳನ್ನು ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. “ಅದನ್ನ ಅವಗ ಹೇಳ್ರಿ” ಎಂದು ದೇಸಾಯಿಯ ಕಡೆ ಗದ್ದ ತೋರಿಸಿದ.

ಅವಳು ಹೇಳಿದಳು. ಮೈಕು ಕಸಿದುಕೊಂಡು, ಜೋಡಿ ಗೀರು, ಕಾಂತದ ಅಲೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಜನ ಆಕಳಿಸಿದರು. ಕಪ್ಪು ಕಣ್ಣೆದುರಿಗಿತ್ತು, ಕಪ್ಪು ಅಂದರೆ ಪಾಪ. ಇವಳೇನು ಬಡಬಡಿಸುತ್ತಾಳೆ? “ತೆಲಿ ಕೆಟ್ಟೈತಿ ಅಕಿಗೆ” ಎಂದ ದೇಸಾಯಿ. “ಮಂಚ ಒಯ್ಯಿರಿ ಅಂದ್ನಲ್ಲ!”

ಮಂಚದ ಗಾಲಿ ಹಿಂದಕ್ಕೆ ತಿರುಗಿತು. ಇಂದುಮತಿ ಮೈಕು ಕೆಳಗಿಟ್ಟಳು. ಹಲಗೆಯ ಮೇಲೆ ಒಂದು ಗುಂಡಿ ಒತ್ತಿದಳು. ಬಣ್ಣ ಅಷ್ಟೇ. ಕಪ್ಪಿದ್ದಲ್ಲಿ ಬೆಳಕು, ಬಿಳಿ ಇದ್ದಲ್ಲಿ ಕತ್ತಲು.

ಗೋಡೆಯ ಮೇಲೆ ನಕ್ಷತ್ರ ಹೊತ್ತಿಕೊಂಡವು. ಯಮನೂರನ ಚಿತ್ತ ಅಮಾವಾಸ್ಯೆಯ ಬಯಲಿನ ಆಕಾಶದಂತಾಯಿತು. ಪಕ್ಕದಲ್ಲಿ ಫಕೀರವ್ವನದು ಕಣ್ಣು ಕುಕ್ಕುವ ಹಾಗೆ ಹಾಲಿನ ತುಂಬ ಬೆಳಕು ಚೆಲ್ಲಿತು. ಬಂಗಾರದ ಚೌಕಟ್ಟಿನೊಳಗಿನ ದೇಸಾಯಿಯ ಚಿತ್ತ ಮಾತ್ರ ಹಾಳುಬಾವಿಯಂತೆ ಕತ್ತಲಾಗಿ ಬಾಯಿ ತೆರೆಯಿತು.

ಒಂದು ಗೆರೆಯೂ ಬದಲಾಗಿರಲಿಲ್ಲ. ಗೀರುಗಳು ಇದ್ದಲ್ಲೇ ಇದ್ದವು. ವಿಜ್ಞಾನ ಕೇಳಿ ಆಕಳಿಸಿದ ಅದೇ ಮಂದಿ ಈಗ ಎದ್ದು ನಿಂತು ಕೈ ಮುಗಿದರು. “ಯವ್ವಾ, ದೇವಿ ಇದ್ದಂಗ ಅದಾಳ! ಮೊದಲ ಈ ಅವ್ವಗ ಆಪರೇಶನ್ ಮಾಡ್ರಿ!” ಎಂದು ಕೂಗಿದರು. ಹಿಂದಕ್ಕೆ ಹೊರಟಿದ್ದ ಮಂಚವನ್ನು ಅವರೇ ಹಿಡಿದು ಮುಂದಕ್ಕೆ ತಿರುಗಿಸಿದರು.

ದೇಸಾಯಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಗಾಲಾದ. ನಂತರ ತನ್ನ ಶಲ್ಯ ತೆಗೆದು ಬಂಗಾರದ ಚೌಕಟ್ಟಿನ ಮೇಲೆ ಹೊದಿಸಿದ. ಮೈಕು ಎತ್ತಿಕೊಂಡ. “ನಾ ಮೊದಲ ಹೇಳಿದ್ದಿಲ್ಲೇನು, ಇಂವಾ ಪುಣ್ಯವಂತ ಅಂತ! ಇವತ್ತಿನಿಂದ ಬೆಳಕಿದ್ದವರಿಗೆ ಚಿಕಿತ್ಸಾ, ಕತ್ತಲಿದ್ದವರಿಗೆ ಅನುಭವ ವಾರ್ಡು!”

ಚಪ್ಪಾಳೆ ಬಿತ್ತು.

“ಹಂಗಲ್ಲ!” ಎಂದು ಇಂದುಮತಿ ಚೀರಿದಳು. “ಯಾರನ್ನೂ ಹೊರಗ ಹಾಕಬಾರದು ಅಂತ ನಾ ಹೇಳಿದ್ದು!” ಯಾರಿಗೂ ಕೇಳಲಿಲ್ಲ. ಮೈಕು ಅವಳ ಕೈಯಲ್ಲಿರಲಿಲ್ಲ.

ಸರದಿಯಲ್ಲಿ ಮುಂದಿನವನಾಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದವನು ಅದೇ ಬ್ಯಾಂಕಿನವನು. ಅವನಿಗೆ ಪಿತ್ತಕೋಶದ ರೋಗ, ಕಣ್ಣು ಅರಿಶಿನದಂತೆ ಹಳದಿಯಾಗಿತ್ತು. ಅವತ್ತು ಅವನಿಗೂ ಆಪರೇಶನ್ ಇತ್ತು. ಕಿರೀಟ ಹಾಕಿದರು. ಅವನ ಬಿಳಿಯ ಚಿತ್ತ ಗೋಡೆಯ ಮೇಲೆ ಕತ್ತಲಾಗಿ ಇಳಿಯಿತು.

“ಯಪ್ಪಾ ತಂದಿ, ಯಾವ ಜನ್ಮದ ಕತ್ತಲಿ ಹೊತ್ಕೊಂಡು ಬಂದೀ ನೀನು?” ದೇಸಾಯಿಗೆ ಹೊಸ ಬೈಗುಳ ಹುಡುಕುವ ಕಷ್ಟವೂ ಬೇಕಿರಲಿಲ್ಲ. “ಇಂಥಾ ಹೊಲಸು ಈ ಗ್ವಾಡಿ ಮ್ಯಾಲ ಇವತ್ತಿನತನಕ ಮೂಡಿದ್ದಿಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಬ್ಯಾಂಕಿನವನು ಕಿಸೆಯಿಂದ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಅದರ ಹಿಂದೆ ಅವನ ಭುಜ ಅಲುಗಿತು.

“ಹೌದಲ್ಲೇನೋ ಯಮನೂರಾ?” ದೇಸಾಯಿ ಮೈಕನ್ನು ಅವನ ಬಾಯಿಗೆ ಹಿಡಿದ. “ಅವತ್ತು ನಿಮ್ಮಕ್ಕನ್ನ ನೋಡಿ ಮೂಗು ಮುಚ್ಚಿದಾಂವ ಇವನ ಅಲ್ಲೇನು? ಇವಗ ಚಿಕಿತ್ಸಾ ಕೊಡಬೇಕೋ ಬ್ಯಾಡೋ, ನೀನ ಹೇಳು. ಮಂದಿ ನಿನ್ನ ಮಾತು ಕೇಳ್ತಾರ ಈಗ.”

ಯಮನೂರ ಮೈಕನ್ನು ನೋಡಿದ, ಅದನ್ನು ಹಿಡಿದ ಕೊಬ್ಬಿದ ಕೈಯನ್ನು ನೋಡಿದ, ಕೈ ಮುಗಿದು ತೀರ್ಪಿಗೆ ಕಾದ ಮಂದಿಯನ್ನು ನೋಡಿದ. ಬಾಯಿಗೆ ಬಂದ ಬೈಗುಳಗಳಲ್ಲಿ ಇವರಿಗೆ ಸಾಲುವಂಥದ್ದು ಒಂದೂ ಇರಲಿಲ್ಲ.

ಬಗ್ಗಿ ಬ್ಯಾಂಕಿನವನ ತಲೆಯಿಂದ ಕಿರೀಟ ತೆಗೆದು ನೆಲಕ್ಕಿಟ್ಟ. ಒಂದು ಕೈಯಲ್ಲಿ ಅಕ್ಕನ ಮಂಚ, ಇನ್ನೊಂದು ಕೈಯಲ್ಲಿ ಗಾಲಿಕುರ್ಚಿ ಹಿಡಿದುಕೊಂಡ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಸಣ್ಣದೊಂದು ಹೊಸ್ತಿಲಿತ್ತು. ಅಲ್ಲಿಗೆ ಮುಟ್ಟಿದಾಗ ವೇಗ ತಗ್ಗಿಸಿ ಮೊದಲು ಮಂಚವನ್ನು, ಆಮೇಲೆ ಕುರ್ಚಿಯನ್ನು, ಗಾಲಿ ಕುಲುಕದ ಹಾಗೆ ಸಾವಕಾಶ ದಾಟಿಸಿದ.

“ಏ ಯಮನೂರಾ, ಏನರ ಹೇಳೋ!” ಎಂದು ಹಿಂದಿನಿಂದ ಮೈಕು ಕೂಗುತ್ತಲೇ ಇತ್ತು. ಅವನು ತಿರುಗಿ ನೋಡದೆ ಒಳಗೆ ಹೋದ.